ತುಕ್ಕಣ್ಣನ ತಲೆ, ಮುಂದೆ ಮತ್ತು ಹಿಂದೆ

ಹೀರೋ ಎಂಟ್ರಿ ಅಂದ್ರೆ ಹೇಗಿರ್ಬೇಕು? ಮೊದ್ಲು ಬೂಟು ತೋರಿಸ್ಬೇಕು. ಆಮೇಲೆ ಧೂಳು. ಆಮೇಲೆ ಸ್ಲೋ ಮೋಷನ್ನಲ್ಲಿ ಹಾರೋ ಕೂದಲು. ನಮ್ಮ ತುಕ್ಕಣ್ಣನ ಎಂಟ್ರಿ ಆಗಿದ್ದು ಬಚ್ಚಲುಮನೇಲಿ. ಬೂಟಿಲ್ಲ, ಸವೆದ ರಬ್ಬರ್ ಚಪ್ಪಲಿ. ಧೂಳಿಲ್ಲ, ಸೋಪಿನ ನೊರೆ. ಕೂದಲೇನೋ ಇತ್ತು, ಆದ್ರೆ ಹಾರೋ ಸ್ಥಿತೀಲಿ ಇರಲಿಲ್ಲ. ಕಂದು ಬಣ್ಣದ ಲೇಪದಲ್ಲಿ ಮುಳುಗಿ, ನೆಂದ ಬೆಕ್ಕಿನ ಥರ ತಲೆಗೆ ಕಚ್ಚಿಕೊಂಡು ಕೂತಿತ್ತು.

ಹೊರಗಿಂದ ಅವನ ಅಕ್ಕ ಬಾಗಿಲು ತಟ್ಟಿದಳು.

"ಒಳಗೆ ಹೋಗಿ ಮುಕ್ಕಾಲು ಗಂಟೆ ಆಯ್ತು. ಸ್ನಾನ ಮಾಡ್ತಿದೀಯೋ, ಬಚ್ಚಲು ಹೊಸದಾಗಿ ಕಟ್ತಿದೀಯೋ?"

"ಬಂದೆ ಅಕ್ಕ. ಐದೇ ನಿಮಿಷ."

"ಏನೋ ಘಾಟು ಬರ್ತಿದೆಯಲ್ಲೋ."

"ಹೊಸ ಸೋಪು."

"ಸೋಪಿನ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಯಾರನ್ನ ಸಾಯಿಸಕ್ಕೆ ಹೊರಟಿದೀಯ?"

ತುಕ್ಕಣ್ಣ ಕಿವಿಯ ಪಕ್ಕ ಇಳೀತಿದ್ದ ಬಣ್ಣ ಒರೆಸಿಕೊಂಡ. ಅವನು ಯಾರನ್ನೂ ಸಾಯಿಸಕ್ಕೆ ಹೊರಟಿರಲಿಲ್ಲ. ಇಪ್ಪತ್ತೆರಡು ವರ್ಷ ಹಿಂದೆ ಇದ್ದ ಒಬ್ಬ ಮನುಷ್ಯನನ್ನ ಬದುಕಿಸಕ್ಕೆ ಹೊರಟಿದ್ದ, ಅಷ್ಟೇ. ಸಂಜೆ ನಾಲ್ಕರ ಒಳಗೆ.

ಎಲ್ಲಾ ಶುರುವಾಗಿದ್ದು ಹಿಂದಿನ ದಿನದ ಒಂದು ಫೋನಿಂದ. ತುಕ್ಕಣ್ಣ ಒಂದು ಪೇಂಟ್ ಅಂಗಡೀಲಿ ಬಣ್ಣ ಹೊಂದಿಸೋ ಕೆಲಸ ಮಾಡ್ತಾನೆ. ಯಾರೋ ಗೋಡೆಯ ಚೂರು ತಂದು ಕೊಡ್ತಾರೆ, ಯಾರೋ ಪರದೆಯ ತುಂಡು ತರ್ತಾರೆ, ಒಬ್ಬ ಪುಣ್ಯಾತ್ಮ ತನ್ನ ಮುರಿದ ಕುರ್ಚಿಯ ಕಾಲನ್ನೇ ತಂದಿದ್ದ. ತುಕ್ಕಣ್ಣ ಕಣ್ಣು ಸಣ್ಣ ಮಾಡಿ ನೋಡ್ತಾನೆ, ಹನಿ ಹನಿ ಬೆರೆಸ್ತಾನೆ, ಕಾರ್ಡಿನ ಮೇಲೆ ಬಳೀತಾನೆ, ಒಣಗಿಸ್ತಾನೆ, ಅದೇ ಬಣ್ಣ ಕೈಗಿಡ್ತಾನೆ. ಹುಟ್ಟಿದಾಗಿಂದ ಅವನ ಕೂದಲು ತುಕ್ಕು ಹಿಡಿದ ಗೇಟಿನ ಥರ ಕಂದು. ಹಾಗಾಗಿ ಅಂಗಡಿಗೆ ಸೇರಿದ ಮೊದಲ ದಿನವೇ ಅಪ್ಪ ಅಮ್ಮ ಇಟ್ಟ ಹೆಸರು ಕಳೆದುಹೋಗಿ ತುಕ್ಕಣ್ಣ ಆದ.

ಆ ಕಾಲದಲ್ಲಿ ಅಂಗಡೀಲಿ ಡಬ್ಬಗಳ ಮೇಲೆ ಲೇಬಲ್ ಬರಿಯೋಳು ಒಬ್ಬಳಿದ್ದಳು. ಎಲ್ಲರೂ ಅವಳನ್ನ ಲೇಬಲ್ ಮೇಡಂ ಅಂತಿದ್ರು. ದುಂಡಗಿನ ಅಕ್ಷರ, ಪ್ರತಿ ಅಕ್ಷರವೂ ಊಟ ಮಾಡಿ ಬಂದ ಹಾಗೆ. ಇಡೀ ಅಂಗಡಿ 'ತುಕ್ಕಣ್ಣ' ಅಂದ್ರೆ ಅವಳೊಬ್ಬಳು ಮಾತ್ರ ಆ 'ಅಣ್ಣ'ನನ್ನ ಕತ್ತರಿಸಿ ಹಾಕಿ 'ತುಕ್ಕು ಅವರೇ' ಅಂತಿದ್ದಳು. ಆ ಒಂದು ಕತ್ತರಿ ಪ್ರಯೋಗದ ಮೇಲೆ ತುಕ್ಕಣ್ಣ ಇಪ್ಪತ್ತೆರಡು ವರ್ಷ ಬದುಕಿದ್ದ.

ಅವಳ ಅಪ್ಪನಿಗೆ ಬೇರೆ ಊರಿಗೆ ವರ್ಗ ಆದಾಗ ಅವಳು ಹೋಗಲೇಬೇಕಾಯ್ತು. ಕೊನೇ ದಿನ ಅವಳು ಬಾಗಿಲ ಹತ್ರ ನಿಂತು, "ಏನಾದ್ರೂ ಹೇಳೋದಿದ್ಯಾ ತುಕ್ಕು ಅವರೇ?" ಅಂದಿದ್ದಳು. ಇದೇ ಜಾಗದಲ್ಲಿ ಬೇರೆ ಹೀರೋ ಆಗಿದ್ರೆ ಹತ್ತು ನಿಮಿಷದ ಡೈಲಾಗು ಹೊಡೆದು ಜನರ ಕೈಲಿ ಶಿಳ್ಳೆ ಹೊಡೆಸ್ತಿದ್ದ. ನಮ್ಮವನು ತಲೆ ಕೆರ್ಕೊಂಡು, "ಇವತ್ತು ಬಿಳಿ ಡಬ್ಬ ಎರಡು ಕಮ್ಮಿ ಬಂದಿದೆ," ಅಂದ. ಅವಳು ಹೋದಳು.

ಮದುವೆ ಮಾತು ಬಂದಾಗೆಲ್ಲ ತುಕ್ಕಣ್ಣ ಜಾರಿಕೊಂಡ. ಅಕ್ಕ ಹುಡುಕಿ ಹುಡುಕಿ ಸುಸ್ತಾಗಿ, ಕೊನೆಗೆ ತಾನೇ ಅವನ ಜೊತೆ ಉಳಿದಳು.

ನಿನ್ನೆ ಮಧ್ಯಾಹ್ನ ಅಂಗಡಿಯ ಹಳೇ ಫೋನು ಬಡ್ಕೊಂಡಿತು. ಎತ್ತಿದ್ರೆ, "ತುಕ್ಕು ಅವರೇ?"

ತುಕ್ಕಣ್ಣ ಕೂತ್ಕೊಂಡ. ಅಲ್ಲಿ ಸ್ಟೂಲು ಇರಲಿಲ್ಲ, ಅದು ಆಮೇಲೆ ಗೊತ್ತಾಯ್ತು.

"ಅಮ್ಮ ಹೋಗ್ಬಿಟ್ರು, ವರ್ಷ ಆಯ್ತು," ಅಂದಳು ಅವಳು. "ಇಷ್ಟು ದಿನ ಅವರನ್ನ ನೋಡ್ಕೊಳ್ಳೋದ್ರಲ್ಲೇ ಆಯ್ತು. ಈಗ ಮನೆ ಖಾಲಿ ಮಾಡ್ದೆ. ತಂಗಿ ಇದಾಳೆ ದೂರದಲ್ಲಿ, ಅಲ್ಲಿಗೆ ಹೋಗ್ಬಿಡೋಣ ಅಂತ. ನಾಳೆ ನಿಮ್ಮೂರಲ್ಲಿ ಬಸ್ ಬದಲಾಯಿಸ್ಬೇಕು. ನಾಲ್ಕಕ್ಕೆ ಅಂಗಡಿಗೆ ಬರ್ಲಾ? ನಿಮ್ಮನ್ನ ಒಂದು ಮಾತು ಕೇಳೋದಿದೆ. ಆಮೇಲೆ ಐದೂ ಕಾಲರ ಬಸ್ಸು ಹತ್ತೋದೋ, ಬಿಡೋದೋ ನೋಡ್ತೀನಿ."

"ಹೂಂ," ಅಂದ ತುಕ್ಕಣ್ಣ.

ಫೋನಿಟ್ಟ ಮೇಲೆ ಅವನಿಗೆ ಅರ್ಥ ಆಯ್ತು: ಬಸ್ಸು ಹತ್ತೋದೋ ಬಿಡೋದೋ ಅಂದ್ರೆ ಇಲ್ಲೇ ಉಳಿಯೋದೋ ಹೋಗೋದೋ ಅಂತ. ಎದೆಯೊಳಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಶುರುವಾಯ್ತು, ವಯಲಿನ್ ಜಾಸ್ತಿ. ಸಂತೋಷದಲ್ಲಿ ಗೋಡೆ ಮೇಲಿನ ಕನ್ನಡಿ ನೋಡ್ದ. ಮ್ಯೂಸಿಕ್ ನಿಂತುಹೋಯ್ತು. ಕನ್ನಡೀಲಿ ಯಾರೋ ಹೀರೋಯಿನ್ನಿನ ದೊಡ್ಡಪ್ಪ ನಿಂತಿದ್ದ. ಕಿವಿಯ ಪಕ್ಕ ಪ್ರೈಮರ್ ಹೊಡೆದ ಹಾಗೆ ಬಿಳಿ, ನೆತ್ತಿ ಮೇಲೆ ಅಲ್ಲಲ್ಲಿ ಬೂದಿ, ಮಧ್ಯದಲ್ಲಿ ಒಂದಿಷ್ಟು ಹಳೇ ಕಂದು ಜೀವ ಹಿಡ್ಕೊಂಡಿತ್ತು.

ಅವಳು ಬಿಟ್ಟುಹೋದ ತುಕ್ಕು ಅವರು ಇವರಲ್ಲ. ಬಾಗಿಲಲ್ಲಿ ನಿಂತು ಗುರುತು ಸಿಗದೆ 'ತುಕ್ಕು ಅವರು ಇದಾರಾ' ಅಂತ ಇವನನ್ನೇ ಕೇಳಿಬಿಟ್ರೆ?

ಕಪ್ಪು ಕೂದಲಿನವರಿಗೆ ಕಷ್ಟವಿಲ್ಲ. ಒಂದು ಪಾಕೆಟ್ಟು, ಒಂದು ಬ್ರಷ್ಷು, ಮುಗೀತು ಕತೆ. ತುಕ್ಕಣ್ಣನ ಕಂದು ಯಾವ ಪಾಕೆಟ್ಟಿನ ಮೇಲೂ ಇರಲಿಲ್ಲ. ಆದ್ರೆ ಅವನೇನು ಸಾಮಾನ್ಯನಾ? ಅಂಗಡಿಯ ಕಪಾಟಲ್ಲಿ ಗಿರಾಕಿಗಳ ಬಣ್ಣದ ಲೆಕ್ಕ ಬರೆದಿಟ್ಟ ಹಳೇ ಕಾರ್ಡುಗಳಿದ್ದವು. ಅದರಲ್ಲಿ ಒಂದು ಲೇಬಲ್ ಮೇಡಂ ತಮಾಷೆಗೆ ಬರೆದಿದ್ದು. ದುಂಡಗಿನ ಅಕ್ಷರದಲ್ಲಿ, 'ತುಕ್ಕು ಅವರ ತಲೆ: ಕಂದು ಹತ್ತು, ಕೆಂಪು ಮೂರು, ಕಪ್ಪು ಒಂದು.' ಆ ಕಾರ್ಡನ್ನ ಅವನು ಎಷ್ಟು ಸಲ ತೆಗೆದು ನೋಡಿದ್ದ ಅಂದ್ರೆ ಮೂಲೆಗಳೆಲ್ಲ ಸವೆದು ಕಾರ್ಡು ಹೆಚ್ಚುಕಮ್ಮಿ ಮೊಟ್ಟೆ ಆಕಾರಕ್ಕೆ ಬಂದಿತ್ತು.

ಭೂಮಿ ಮೇಲೆ ಬೇರೆ ಯಾರೂ ಮಾಡದ ಕೆಲಸ ತುಕ್ಕಣ್ಣ ಮಾಡ್ದ. ಮೂರು ಬಣ್ಣದ ಹೇರ್ ಡೈ ತಂದ. ಗೋಡೆಗೆ ಬಳಿಯೋ ಪೇಂಟಿನ ಲೆಕ್ಕದಲ್ಲಿ ಹತ್ತು, ಮೂರು, ಒಂದು ಚಮಚ ಬೆರೆಸ್ದ. ಬಾಚಣಿಗೇಲಿ ಸಿಕ್ಕ ಬಿಳಿ ಕೂದಲನ್ನ ಕಾರ್ಡಿಗೆ ಅಂಟಿಸಿ, ಬಣ್ಣ ಹಚ್ಚಿ, ಫ್ಯಾನಿನ ಕೆಳಗೆ ಒಣಗಿಸಿ, ಕಿಟಕಿ ಬೆಳಕಲ್ಲಿ ನೋಡ್ದ. ಕೆಂಪು ಸ್ವಲ್ಪ ಜಾಸ್ತಿ. ಅರ್ಧ ಚಮಚ ಇಳಿಸಿದ. ಈಗ ಸರಿ. ಅಷ್ಟು ಸರಿ ಅಂದ್ರೆ ಕಾರ್ಡನ್ನ ಬೆಳಕಿಗೆ ಹಿಡ್ಕೊಂಡು ಅಲ್ಲೇ ನಿಂತುಬಿಟ್ಟ.

ಅಕ್ಕ ಮತ್ತೆ ತಟ್ಟಿದಳು. "ಪ್ರಾಣ ಇದ್ಯೇನೋ?"

ತಲೆ ತೊಳೆದು, ಒರೆಸಿ, ಕನ್ನಡೀಲಿ ನೋಡ್ಕೊಂಡ. ಇಪ್ಪತ್ತೇಳು ವರ್ಷದ ತುಕ್ಕು ಅವರು ನೋಡ್ತಿದ್ರು. ಕಣ್ಣ ಕೆಳಗೆ ಸ್ವಲ್ಪ ಚೀಲ ಇತ್ತು, ಅದನ್ನ ಬಿಡಿ. ಟವೆಲ್ ತಲೆಗೆ ಸುತ್ತಿಕೊಂಡು ಅಕ್ಕನ ಪಕ್ಕದಲ್ಲೇ ನುಸುಳಿ, ಅಂಗಿ ಹಾಕ್ಕೊಂಡು, ತಿಂಡಿ ಬಿಟ್ಟು, ಬಾಗಿಲಲ್ಲಿ ಟವೆಲ್ ಎಸೆದು ಮೆಟ್ಟಿಲಿಳಿದ.

ಮೇಲಿನ ಮನೆಯ ರಿಟೈರ್ಡ್ ಮೇಷ್ಟ್ರು ಹಿಂದಿನಿಂದ ಇಳೀತಿದ್ರು. "ಓ, ಯಾವಾಗ ಬಂದ್ರಿ ಯಜಮಾನ್ರೇ? ಮಗನ ಮನೆಗೆ ಬಂದು ಎಷ್ಟು ದಿನ ಆಯ್ತು?"

ತುಕ್ಕಣ್ಣ ತಿರುಗಿದ. ಮೇಷ್ಟ್ರು ಕನ್ನಡಕ ಒರೆಸಿ ಹಾಕ್ಕೊಂಡ್ರು. ಮುಖ ನೋಡಿದ್ರು. "ತಿರುಗಪ್ಪ ಸ್ವಲ್ಪ." ತಿರುಗಿದ. "ಈ ಕಡೆ." ತಿರುಗಿದ.

"ಮುಂದಿನಿಂದ ಮಗ, ಹಿಂದಿನಿಂದ ಅಪ್ಪ," ಅಂದ್ರು ಮೇಷ್ಟ್ರು. "ಡಬಲ್ ಆ್ಯಕ್ಟಿಂಗ್ ಚೆನ್ನಾಗಿದೆ. ಆದ್ರೆ ಇಬ್ಬರೂ ಒಂದೇ ಸೀನಲ್ಲಿ ಬರ್ಬಾರ್ದು."

ಆಗ ಹೊಳೀತು. ಕನ್ನಡೀಲಿ ಮುಂದಿನದು ಕಾಣುತ್ತೆ, ಪಕ್ಕದ್ದು ಕಾಣುತ್ತೆ. ತಲೆಯ ಹಿಂಭಾಗವನ್ನ ತುಕ್ಕಣ್ಣ ಹುಟ್ಟಿದಾಗಿಂದ ನೋಡೇ ಇರಲಿಲ್ಲ. ಅಲ್ಲೂ ಕೂದಲಿದೆ, ಅದಕ್ಕೂ ವಯಸ್ಸಾಗುತ್ತೆ ಅನ್ನೋದು ಅವನಿಗೆ ತಟ್ಟಿರಲಿಲ್ಲ.

"ಯಾರಿಗಪ್ಪ ಈ ಅಲಂಕಾರ?" ಅಂದ್ರು ಮೇಷ್ಟ್ರು.

"ಯಾರಿಗೂ ಇಲ್ಲ ಸರ್, ತಲೆನೋವಿಗೆ."

"ತಲೆನೋವಿಗೆ ಮುಂದೆ ಮಾತ್ರ ಹಚ್ತಾರಾ?"

ಅಂಗಡಿಗೆ ಹೋಗಿ ತುಕ್ಕಣ್ಣ ಒಂದು ನಿರ್ಧಾರ ಮಾಡ್ದ: ಇವತ್ತು ಯಾರಿಗೂ ಬೆನ್ನು ತೋರಿಸಲ್ಲ. ಯುದ್ಧದಲ್ಲಿ ವೀರರು ತೋರಿಸಲ್ಲ, ಇವನು ಪೇಂಟ್ ಅಂಗಡೀಲಿ ತೋರಿಸಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಏಡಿ ಥರ ಅಡ್ಡಡ್ಡ ನಡೆದ. ಡಬ್ಬ ತರಕ್ಕೆ ಹೋಗೋವಾಗ್ಲೂ ಹಿಂದು ಹಿಂದಕ್ಕೆ ಹೆಜ್ಜೆ ಇಟ್ಕೊಂಡು ಹೋದ. ಡಬ್ಬ ಅಲ್ಲಾಡಿಸೋ ಮಷೀನು ನಡೆಸೋ ಮಷೀನಣ್ಣ ಇದನ್ನ ಅರ್ಧ ಗಂಟೆ ನೋಡಿ ಹತ್ರ ಬಂದ.

"ಅಣ್ಣ, ಪ್ಯಾಂಟು ಹರಿದಿದ್ಯಾ?"

"ಇಲ್ಲ ಕಣೋ."

"ಹೇಳಿ ಪರವಾಗಿಲ್ಲ. ನನ್ನ ಹತ್ರ ಪಿನ್ನಿದೆ."

ಹನ್ನೊಂದಕ್ಕೆ ಒಬ್ಬಮ್ಮ ಗೇಟಿಗೆ ಬಣ್ಣ ಬೇಕು ಅಂತ ಬಂದಳು. ನೂರು ಶೇಡು ತೋರಿಸಿದ್ರೂ ತುಟಿ ಸೊಟ್ಟ. ಕೊನೆಗೆ ತಲೆ ಎತ್ತಿ ತುಕ್ಕಣ್ಣನ ಹಣೆ ಕಡೆ ಬೆರಳು ತೋರಿಸಿದಳು. "ಇದು. ಇದೇ ಬಣ್ಣ ಬೇಕು."

"ಅದು ತಲೆ ಅಮ್ಮ," ಅಂದ ತುಕ್ಕಣ್ಣ.

"ಗೊತ್ತು. ನಾನೇನು ತಲೆ ಕೇಳಿದ್ನಾ? ಬಣ್ಣ ಕೇಳ್ದೆ."

ಗಿರಾಕಿ ಅಂದ್ರೆ ಅಂಗಡಿ ಯಜಮಾನರ ಕಿವಿ ನಿಮಿರುತ್ತೆ. "ಏನು ಕಷ್ಟ ಅದಕ್ಕೆ? ತಗೋ, ಓದು," ಅಂತ ಬಣ್ಣ ಓದೋ ಮಷೀನು ತಂದ್ರು. ಅದು ಟಾರ್ಚಿನಷ್ಟು ದೊಡ್ಡದು, ಯಾವುದಕ್ಕೆ ಒತ್ತಿ ಹಿಡಿದ್ರೆ ಅದರ ಬಣ್ಣದ ಹೆಸರು ಹೇಳುತ್ತೆ. ತುಕ್ಕಣ್ಣನ ನೆತ್ತಿಗೆ ಒತ್ತಿದ್ರು. ಪರದೆ ಮೇಲೆ 'ಒದ್ದೆ ಮರ' ಅಂತ ಬಂತು. "ಸರಿಯಾಗಿ ಬಂದಿದ್ಯಾ ಅಂತ ಇನ್ನೊಂದ್ಸಲ ನೋಡೋಣ," ಅಂತ ಯಜಮಾನರು ಅಭ್ಯಾಸಬಲದಿಂದ ಹಿಂದಕ್ಕೆ ಹೋಗಿ ಅಲ್ಲೂ ಒತ್ತಿದ್ರು.

'ಮೋಡದ ಬೂದಿ' ಅಂತು ಮಷೀನು.

ಎಲ್ಲರೂ ಬಂದು ಹಿಂದೆ ನಿಂತ್ರು.

"ಅಯ್ಯೋ, ನಂಗೆ ಮುಂದಿನದೇ ಸಾಕು," ಅಂದಳು ಗೇಟಿನಮ್ಮ.

ಅವಳು ಡಬ್ಬ ತಗೊಂಡು ಹೋದ ಮೇಲೆ ತುಕ್ಕಣ್ಣನನ್ನ ಸ್ಟೂಲಿನ ಮೇಲೆ ಕೂರಿಸಿ ವಿಚಾರಣೆ ನಡೀತು. ಒಂದೇ ಪ್ರಶ್ನೆ, ಯಾರಿಗೋಸ್ಕರ. ಮೊದಲು ತಲೆನೋವು ಅಂದ. ಆಮೇಲೆ ಬಿಸಿಲು ಅಂದ. ಕೊನೆಗೆ ನೆಲ ನೋಡ್ತಾ, "ಲೇಬಲ್ ಮೇಡಂ ಬರ್ತಿದಾರೆ. ನಾಲ್ಕಕ್ಕೆ. ಏನೋ ಕೇಳೋದಿದೆಯಂತೆ," ಅಂದ.

ಯಜಮಾನರು ಮೇಲೆ ನೋಡಿದ್ರು. ಅವರಿಗೂ ಗೊತ್ತಿತ್ತು. ಮೇಲಿನ ಅಟ್ಟದಲ್ಲಿ ಆ ದುಂಡಗಿನ ಅಕ್ಷರದ ಏಳು ಡಬ್ಬ ಇನ್ನೂ ಕೂತಿದ್ದವು. ಒಳಗಿನ ಬಣ್ಣ ಕಲ್ಲಾಗಿ ಹದಿನೈದು ವರ್ಷ ಆಗಿತ್ತು. ಎಸೆಯಕ್ಕೆ ಹೋದಾಗೆಲ್ಲ ತುಕ್ಕಣ್ಣ, "ಇರ್ಲಿ ಬಿಡಿ, ಬೇಕಾಗುತ್ತೆ," ಅಂತಿದ್ದ. ಯಾಕೆ ಬೇಕಾಗುತ್ತೆ ಅಂತ ಯಾರೂ ಕೇಳಿರಲಿಲ್ಲ.

"ಏನು ಕೇಳ್ತಾರಂತೆ?" ಅಂದ್ರು ಯಜಮಾನರು.

"ಗೊತ್ತಿಲ್ಲ. ಕೇಳಿ ಆಮೇಲೆ ಬಸ್ಸು ಹತ್ತೋದೋ ಬೇಡ್ವೋ ನೋಡ್ತಾರಂತೆ."

"ಹಂಗಾದ್ರೆ ಈ ತಲೆ ಇಟ್ಕೊಂಡು ಕೂತ್ರೆ ಆಗಲ್ಲ," ಅಂದ್ರು ಯಜಮಾನರು. "ಅರ್ಧ ಬಳಿದ ಗೋಡೆ ಥರ ನಿಲ್ಸಿದ್ರೆ ಅಂಗಡಿ ಮಾನ ಏನಾಗ್ಬೇಕು?"

ಮಷೀನಣ್ಣ ಅಂಗಿ ತೋಳು ಮಡಚಿದ. ಮಷೀನಿಗೆ ಬರೋ ಮುಂಚೆ ಅವನು ಪೇಂಟರು. ಅದೂ ಸುಮ್ಮನೆ ಗೋಡೆ ಬಳಿಯೋನಲ್ಲ. ಕಿಟಕಿ ಅಂಚು, ಬಾಗಿಲ ಪಟ್ಟಿ, ಎರಡು ಬಣ್ಣ ಸೇರೋ ಗೆರೆ ಎಳೆಯೋನು. ಟೇಪು ಅಂಟಿಸದೆ ಬರೀ ಕೈಯಲ್ಲಿ ಎಳೆದ ಗೆರೆ ದಾರ ಹಿಡಿದ ಹಾಗೆ ಇರ್ತಿತ್ತು. ಏಣಿಯಿಂದ ಬಿದ್ದು ಮೊಣಕಾಲು ಹೋದ ಮೇಲೆ ಆ ಕೆಲಸ ಬಿಟ್ಟಿದ್ದ.

"ಅಣ್ಣ, ಉಳಿದ ಪುಡಿ ಇದ್ಯಾ?"

"ಚೀಲದಲ್ಲಿದೆ."

"ನೀವು ಬೆರೆಸಿ. ನಾನು ಹಚ್ತೀನಿ."

ಹಿಂದಿನ ಗೋಡೌನಲ್ಲಿ ತುಕ್ಕಣ್ಣ ಡಬ್ಬದ ಮೇಲೆ ಕೂತ. ಮಷೀನಣ್ಣ ಪ್ಯಾಕು ಒಡೆಯದ ಅರ್ಧ ಇಂಚಿನ ಬ್ರಷ್ಷು ತಂದ. ಕೂದಲನ್ನ ಎಳೆ ಎಳೆಯಾಗಿ ಎತ್ತಿ, ಬೇರಿಂದ ತುದಿಗೆ, ಒಂದೇ ದಿಕ್ಕಲ್ಲಿ. ಕಿವಿಯ ಹಿಂದೆ ಬಂದಾಗ ಉಸಿರು ಹಿಡಿದ. ಕತ್ತಿನ ಹತ್ರ ಕೂದಲು ಮುಗಿಯೋ ಕಡೆ ಬ್ರಷ್ಷಿನ ತುದಿಯಲ್ಲಿ ಗೆರೆ ಎಳೆದ, ಚರ್ಮಕ್ಕೆ ತಾಗದ ಹಾಗೆ. ತಾಗಿದ ಕಡೆ ಎಣ್ಣೆ ಬಟ್ಟೆಯಲ್ಲಿ ಕೂಡ್ಲೇ ಒರೆಸಿದ.

"ಅಣ್ಣ."

"ಹೇಳು."

"ಆವಾಗ ಯಾಕೆ ಹೇಳ್ಲಿಲ್ಲ ಅವರಿಗೆ?"

"ಯಾವ ಮಾತು ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣೋ. ಒಂದು ಜಾಸ್ತಿ ಗಾಢ ಅನ್ನಿಸ್ತು, ಇನ್ನೊಂದು ತೀರಾ ತೆಳು. ಬೆರೆಸ್ತಾ ಕೂತೆ. ಅಷ್ಟರಲ್ಲಿ ಹೋದ್ರು."

"ಇವತ್ತು ಬೆರೆಸ್ಬೇಡಿ. ಇದ್ದಿದ್ದು ಇದ್ದ ಹಾಗೆ ಸುರಿದುಬಿಡಿ."

"ಹೂಂ."

"ತಲೆ ಅಲ್ಲಾಡಿಸ್ಬೇಡಿ. ಗೆರೆ ಹೋಗುತ್ತೆ."

ಅರ್ಧ ಗಂಟೆ ಬಿಟ್ಟು, ಎರಡನೇ ಕೋಟು ಹೊಡೆದು, ಮತ್ತೆ ಅರ್ಧ ಗಂಟೆ ಬಿಟ್ಟು, ನಲ್ಲಿ ಕೆಳಗೆ ತಾನೇ ತೊಳೆದ. ಯಜಮಾನರು ಬಂದು ಮಷೀನು ಒತ್ತಿದ್ರು. ಮುಂದೆ 'ಒದ್ದೆ ಮರ'. ಹಿಂದೆ 'ಒದ್ದೆ ಮರ'. ಯಾರೋ ಚಪ್ಪಾಳೆ ತಟ್ಟಿದ್ರು.

"ಒಂದು ಮಾತು ಕೇಳ್ರಪ್ಪ," ಅಂದ ತುಕ್ಕಣ್ಣ. "ಇದು ಬಣ್ಣ ಅಂತ ಯಾರೂ ಬಾಯಿ ಬಿಡ್ಬೇಡಿ."

"ಯಾವ ಬಣ್ಣ?" ಅಂದ್ರು ಯಜಮಾನರು. "ನಾನು ಯಾವ ಬಣ್ಣನೂ ನೋಡ್ಲಿಲ್ಲ."

ನಾಲ್ಕಕ್ಕೆ ಐದು ನಿಮಿಷ ಇದೆ ಅನ್ನೋವಾಗ ಗಾಜಿನ ಬಾಗಿಲು ತೆಗೆದು ಅವಳು ಬಂದಳು.

ತಲೆ ಪೂರ್ತಿ ಬಿಳಿ. ಒಂದು ಕಪ್ಪು ಎಳೆ ಇಲ್ಲ. ಸಣ್ಣಗೆ ಕತ್ತರಿಸಿ, ಹಿಂದಕ್ಕೆ ಬಾಚಿದ್ದಳು. ತುಕ್ಕಣ್ಣ ಸಾವಿರ ಬಿಳಿ ಬೆರೆಸಿದವನು. ಇಂಥ ಬಿಳಿ ಅವನ ಯಾವ ಕಾರ್ಡಲ್ಲೂ ಇರಲಿಲ್ಲ. ನೋಡ್ತಾ ನಿಂತ. ಅವನಿಗೆ ಗುರುತು ಸಿಗಕ್ಕೆ ಅರ್ಧ ಸೆಕೆಂಡೂ ಬೇಕಾಗಲಿಲ್ಲ.

"ತುಕ್ಕು ಅವರೇ," ಅಂದಳು. ನಕ್ಕಳು. ಆಮೇಲೆ ಅವನ ತಲೆ ನೋಡಿದಳು. ನಗು ಹಾಗೇ ಇತ್ತು, ಕಣ್ಣು ಮಾತ್ರ ಸ್ವಲ್ಪ ಸಣ್ಣಗಾಯ್ತು.

"ಬನ್ನಿ, ಕೂತ್ಕೊಳ್ಳಿ," ಅಂತ ಸ್ಟೂಲು ಒರೆಸಿದ. ಒರೆಸಿದ್ದನ್ನೇ ಇನ್ನೊಂದ್ಸಲ ಒರೆಸಿದ. ಡಬ್ಬದ ಸಾಲುಗಳ ಹಿಂದೆ ಯಜಮಾನರು ಮತ್ತು ಮಷೀನಣ್ಣ ಗಲಾಟೆ ಮಾಡದೆ ಕೆಲಸ ಮಾಡೋ ನಾಟಕ ಆಡ್ತಿದ್ರು.

"ಈಗ ಏನು ಮಾಡ್ಕೊಂಡಿದೀರಿ?" ಅಂದ ತುಕ್ಕಣ್ಣ.

"ಅದೇ, ಬಣ್ಣದ ಕೆಲಸ. ನಿಮ್ಮಿಂದ ಕಲ್ತಿದ್ದು," ಅಂದಳು. "ಪಾರ್ಲರಲ್ಲಿ. ತಲೆಗೆ ಡೈ ಹಚ್ಚೋದು. ಇಪ್ಪತ್ತು ವರ್ಷ ಆಯ್ತು."

ತುಕ್ಕಣ್ಣನಿಗೆ ಕಾಲ ಕೆಳಗಿನ ನೆಲ ಲಿಫ್ಟಿನ ಥರ ಕೆಳಗಿಳಿದ ಹಾಗಾಯ್ತು. ಕದ್ದ ಮಾಲು ಮಾರಕ್ಕೆ ಹೋದ ಕಳ್ಳ, ಅಂಗಡಿ ಬಾಗಿಲಲ್ಲಿ ನಿಂತೋನೇ ಪೊಲೀಸು ಅಂತ ಗೊತ್ತಾದಾಗ ನಗ್ತಾನಲ್ಲ, ಹಾಗೆ ನಕ್ಕ.

"ಮತ್ತೆ ನೀವು..." ಅಂತ ಅವಳ ತಲೆ ಕಡೆ ನೋಡ್ದ.

"ಇಡೀ ದಿನ ಅಡುಗೆ ಮಾಡಿದೋರಿಗೆ ತಿನ್ನಕ್ಕೆ ಮನಸ್ಸಿರಲ್ಲ. ಹಾಗೇ ಬಿಟ್ಟೆ." ಎದ್ದಳು. "ಅಂಗಡಿ ಸ್ವಲ್ಪಾನೂ ಬದಲಾಗಿಲ್ಲ. ನನ್ನ ಡಬ್ಬಗಳು ಇನ್ನೂ ಅಲ್ಲೇ ಇವೆ." ನೋಡ್ತಾ ನೋಡ್ತಾ ಅವನ ಸುತ್ತ ಒಂದು ಸುತ್ತು ಬಂದಳು. ಬೆನ್ನ ಹಿಂದೆ ಬಂದಾಗ ಅವಳ ಹೆಜ್ಜೆ ನಿಂತಿತು.

ತುಂಬಾ ಹೊತ್ತು ನಿಂತಿತು. ತುಕ್ಕಣ್ಣನ ಕತ್ತಿನ ಮೇಲೆ ಬೆಚ್ಚಗೆ ಏನೋ ತಾಗಿದ ಹಾಗಾಯ್ತು. ಅದು ಅವಳ ಉಸಿರೋ, ಬರೀ ಅವನ ಆಸೆಯೋ ಗೊತ್ತಾಗಲಿಲ್ಲ. ಹೀಗೇ ನಿಂತಿರ್ಲಿ, ಬಸ್ಸು ಹೋಗ್ಲಿ, ಅಂಗಡಿ ಮುಚ್ಚಲಿ, ಇನ್ನೂ ಇಪ್ಪತ್ತೆರಡು ವರ್ಷ ಹೀಗೇ ನಿಂತಿರ್ಲಿ ಅನ್ನಿಸ್ತು.

"ಯಾರು ಹಚ್ಚಿದ್ದು ಇದನ್ನ?" ಅಂದಳು ಮೆಲ್ಲಗೆ.

"ಯಾವುದನ್ನ?"

"ಬಣ್ಣ."

ಇಲ್ಲಿ ತುಕ್ಕಣ್ಣ ನಿಜ ಹೇಳಬಹುದಿತ್ತು. ಆದ್ರೆ ಪೇಂಟ್ ಅಂಗಡೀಲಿ ಬಣ್ಣ ಹೊಂದಿಸೋನು, ಮಷೀನು ನಡೆಸೋನ ಕೈಲಿ, ಕಿಟಕಿ ಬಳಿಯೋ ಬ್ರಷ್ಷಲ್ಲಿ ತಲೆ ಬಳಿಸ್ಕೊಂಡೆ ಅಂತ ಯಾವ ಬಾಯಲ್ಲಿ ಹೇಳ್ತಾನೆ? ಅದೂ ಅವಳ ಮುಂದೆ.

"ಬಣ್ಣ ಎಲ್ಲಿ, ಹುಟ್ಟಿದಾಗಿಂದ ಹೀಗೇ," ಅಂದ.

"ಯಾರೂ ಹಚ್ಲಿಲ್ವಾ?"

"ಯಾರೂ ಇಲ್ಲ."

ಸಾಲುಗಳ ಹಿಂದಿನಿಂದ ಯಜಮಾನರ ತಲೆ ಬಂತು. "ಒಂದು ಬಿಳಿ ಕೂದಲು ನೋಡಿಲ್ಲಮ್ಮ ನಾವು. ನಮ್ಮ ತುಕ್ಕಣ್ಣಂದು ಒರಿಜಿನಲ್ಲು." ಮಷೀನಣ್ಣನ ತಲೆಯೂ ಬಂತು. "ಗ್ಯಾರಂಟಿ ಮೇಡಂ."

ಅವಳು ಮುಂದೆ ಬಂದು ಕೂತಳು. ಇಬ್ಬರನ್ನೂ ನೋಡಿದಳು, ಆಮೇಲೆ ತನ್ನ ಕೈ ನೋಡ್ಕೊಂಡಳು. "ಮನೇಲಿ ಎಲ್ಲ ಚೆನ್ನಾಗಿದಾರಾ?"

ತುಕ್ಕಣ್ಣನಿಗೆ ಅಕ್ಕ ನೆನಪಾದಳು. "ಚೆನ್ನಾಗಿದಾರೆ."

"ಒಳ್ಳೇದು," ಅಂದಳು.

ಆಮೇಲೆ ಅವಳು ಹವಾಮಾನ ಕೇಳಿದಳು, ಹೊಸ ಮಷೀನುಗಳ ಬಗ್ಗೆ ಕೇಳಿದಳು. ತುಕ್ಕಣ್ಣ ಮಷೀನುಗಳ ಬಗ್ಗೆ ಹತ್ತು ನಿಮಿಷ ಹೇಳ್ದ. ಹೇಳ್ತಾ ಒಳಗಡೆ ಇನ್ನೊಂದು ಮಾತನ್ನ ಸಿದ್ಧ ಮಾಡ್ತಿದ್ದ. ಅವಳು ಆ ಒಂದು ಮಾತು ಕೇಳ್ಲಿ, ಕೇಳಿದ ಕೂಡ್ಲೇ ಸುರಿದುಬಿಡೋಣ ಅಂತ. ಅವಳು ಕೇಳಲಿಲ್ಲ. ಐದು ಗಂಟೆಗೆ ಚೀಲ ಹೆಗಲಿಗೆ ಹಾಕಿದಳು.

"ಬರ್ತೀನಿ."

"ಏನೋ ಕೇಳ್ಬೇಕು ಅಂದಿದ್ರಿ."

"ಬೇಕಾಗ್ಲಿಲ್ಲ ಬಿಡಿ. ಗೊತ್ತಾಯ್ತು."

ಬಸ್ ಸ್ಟ್ಯಾಂಡು ಎರಡು ರಸ್ತೆ ಆಚೆ. ಜೊತೇಲಿ ನಡೆದ. ಒಬ್ಬರ ನೆರಳು ಇನ್ನೊಬ್ಬರ ನೆರಳಿಗೆ ತಾಗಿದಾಗೆಲ್ಲ ತುಕ್ಕಣ್ಣ ಹೆಜ್ಜೆ ನಿಧಾನ ಮಾಡ್ದ, ಹಾಗಾದ್ರೂ ಜಾಸ್ತಿ ಹೊತ್ತು ತಾಗಿರ್ಲಿ ಅಂತ. ಲಗೇಜು ರೂಮಲ್ಲಿಟ್ಟಿದ್ದ ಪೆಟ್ಟಿಗೆ ತಗೊಂಡು ಅವಳು ಬಸ್ಸು ಹತ್ತಿದಳು. ಕಿಟಕಿ ಪಕ್ಕ ಕೂತು ಗಾಜು ಸರಿಸಿದಳು. ತುಕ್ಕಣ್ಣ ಕೆಳಗೆ ನಿಂತ. ಏನು ತಪ್ಪಾಯ್ತು ಅಂತ ಅವನಿಗೆ ಗೊತ್ತಿರಲಿಲ್ಲ. ಬಸ್ಸು ಹತ್ತಿಬಿಟ್ಟಳು ಅನ್ನೋದಷ್ಟೇ ಗೊತ್ತಿತ್ತು.

"ನೀವು ನನ್ನ ಹತ್ರ ಸುಳ್ಳು ಹೇಳ್ಬಾರ್ದಿತ್ತು," ಅಂದಳು ಅವಳು. ಕೋಪ ಇರಲಿಲ್ಲ. "ಡೈ ಅಂತ ಬಾಗಿಲಲ್ಲೇ ಗೊತ್ತಾಯ್ತು. ಖುಷೀನೂ ಆಯ್ತು. ನನಗೋಸ್ಕರ ಹಚ್ಚಿದೀರಿ ಅನ್ಕೊಂಡೆ."

"ಹೌದು, ಅದು..."

"ಮುಂದಿನದು ನೀವೇ ಹಚ್ಚಿದ್ದು. ಅವಸರದ ಕೈ. ಹಿಂದಿನದು ನಿಮ್ಮದಲ್ಲ." ಕಿಟಕಿಯ ಕಂಬಿ ಮೇಲೆ ಬೆರಳಿಂದ ಒಂದು ಗೆರೆ ಎಳೆದಳು. "ಎಷ್ಟು ತಲೆ ನೋಡಿದೀನಿ ನಾನು. ತನ್ನ ತಲೆ ಹಿಂದೆ ತಾನೇ ಹಾಗೆ ಹಚ್ಕೊಳ್ಳೋ ಗಂಡಸು ಎಲ್ಲೂ ಇಲ್ಲ. ನಮ್ಮಂಥ ಕೆಲಸದೋರೂ ಕಿವಿ ಹಿಂದೆ ಅಷ್ಟು ಹೊತ್ತು ನಿಲ್ಲಲ್ಲ. ಎರಡೆರಡು ಸಲ ಹಚ್ಚಿದಾರೆ. ಚರ್ಮಕ್ಕೆ ಒಂದು ಹನಿ ತಾಗಿಲ್ಲ. ಅಷ್ಟು ಅಕ್ಕರೆಯಿಂದ ಒಂದು ತಲೇನ ಹಿಡ್ಕೊಳ್ಳೋದು ಮನೆಯವರು ಮಾತ್ರ."

ತುಕ್ಕಣ್ಣನ ಬಾಯಿ ತೆರೀತು.

"ನಿಮಗೆ ಯಾರಾದ್ರೂ ಇದಾರಾ ಅಂತ ಕೇಳಕ್ಕೇ ಬಂದಿದ್ದೆ. ಇಲ್ಲ ಅಂದಿದ್ರೆ ಪೆಟ್ಟಿಗೆ ನಿಮ್ಮಲ್ಲಿಗೇ ತರೋಣ ಅಂತ." ನಕ್ಕಳು. "ಇರೋದು ಒಳ್ಳೇದೇ. ಯಾಕೆ ಮುಚ್ಚಿಟ್ರಿ? ನಾನು ನೊಂದ್ಕೋತೀನಿ ಅಂತಾನಾ? ಅವರಿಗೆ ಹೇಳಿ. ಕೈ ತುಂಬಾ ಚೆನ್ನಾಗಿದೆ ಅಂತ ನಾನು ಹೇಳ್ದೆ ಅನ್ನಿ."

ಬಸ್ಸು ಗುರ್ ಅಂತು. ತುಕ್ಕಣ್ಣನ ಗಂಟಲಲ್ಲಿ ಇಪ್ಪತ್ತೆರಡು ವರ್ಷದ ಮಾತುಗಳು ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡವು. ಮೊದಲು ಮಷೀನಣ್ಣ ಅನ್ಬೇಕಾ? ಮದುವೆ ಆಗಿಲ್ಲ ಅನ್ಬೇಕಾ? ಹೋಗ್ಬೇಡಿ ಅನ್ಬೇಕಾ? ಯಾವುದು ಎಷ್ಟು ಹನಿ? ಅವನು ಬೆರೆಸ್ತಾ ನಿಂತಿದ್ದಾಗ ಬಸ್ಸು ಗೇಟು ದಾಟಿತು. ಕಿಟಕೀಲಿ ಒಂದು ಬಿಳಿ ಚುಕ್ಕೆ ಕಂಡಿತು, ತಿರುವಿನಲ್ಲಿ ಅದೂ ಹೋಯ್ತು.

"ಯಾರೂ ಇಲ್ಲ," ಅಂದ ತುಕ್ಕಣ್ಣ. ಬಹಳ ಸ್ಪಷ್ಟವಾಗಿ ಬಂತು ಮಾತು. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕ, "ಬರ್ತಾರೆ ಬಿಡಪ್ಪ," ಅಂದ.

ಅವಳ ಫೋನ್ ನಂಬರು ಕೇಳಿರಲಿಲ್ಲ. ತಂಗಿ ಊರು ಯಾವುದು ಅಂತಲೂ ಕೇಳಿರಲಿಲ್ಲ. ಮಷೀನುಗಳ ಬಗ್ಗೆ ಮಾತ್ರ ಒಂದನ್ನೂ ಬಿಡದೆ ಹೇಳಿದ್ದ.

ಅಂಗಡಿಗೆ ವಾಪಸ್ ಬಂದಾಗ ಯಜಮಾನರು ಅವನೊಬ್ಬನೇ ಬಂದಿದ್ದು ನೋಡಿ ಒಳಗೆ ಹೋದ್ರು. ಮಷೀನಣ್ಣನಿಗೆ ತಡೆಯಕ್ಕಾಗಲಿಲ್ಲ.

"ಏನಂದ್ರಣ್ಣ?"

ತುಕ್ಕಣ್ಣ ಅವನ ಮುಖ ನೋಡ್ದ. ಬೆಳಿಗ್ಗೆಯಿಂದ ನಿಂತೂ ನಿಂತೂ ಮಷೀನಣ್ಣನ ಕುಂಟುಗಾಲು ಊದಿಕೊಂಡಿತ್ತು. ಉಗುರುಗಳಲ್ಲಿ ಕಂದು ಬಣ್ಣ ಇನ್ನೂ ಹಾಗೇ ಇತ್ತು.

"ನಿನ್ನ ಕೈ ಚೆನ್ನಾಗಿದೆಯಂತೆ," ಅಂದ.

ಮಷೀನಣ್ಣನ ಮುಖ ಅರಳಿತು. "ಹೌದಾ? ಹಿಂದಿನದೂ ನೋಡಿದ್ರಾ?"

"ಅದನ್ನೇ ನೋಡಿದ್ರು."

"ನಾನು ಹೇಳ್ಲಿಲ್ವಾ, ಎರಡನೇ ಕೋಟು ಬೇಕು ಅಂತ. ಬೇರಲ್ಲಿ ಬಿಳಿ ಕಂಡ ಕೂಡ್ಲೇ ಹೇಳಿ ಅಣ್ಣ, ಮತ್ತೆ ಹಚ್ಚಿಕೊಡ್ತೀನಿ. ಅವರು ಮತ್ತೆ ಬರೋ ಹೊತ್ತಿಗೆ ಒಂದು ಎಳೇನೂ ಕಾಣ್ಬಾರ್ದು."

ತುಕ್ಕಣ್ಣ ಡಬ್ಬದ ಮೇಲೆ ಕೂತು ಬೀದಿ ಕಡೆ ನೋಡ್ತಿದ್ದ. ಮಷೀನಣ್ಣ ಅವನ ಹಿಂದೆ ಹೋಗಿ, ಅಂಗಿಯ ಕಾಲರನ್ನ ಮೆಲ್ಲಗೆ ಕೆಳಗೆ ಸರಿಸಿ, ತಲೆ ವಾಲಿಸಿ, ತನ್ನ ಕೆಲಸವನ್ನ ಇನ್ನೊಂದ್ಸಲ ಬಹಳ ಹೊತ್ತು ನೋಡಿದ.